ರೌಟರಿನಲ್ಲಿ ನ್ಯಾಟ್ ಇದೆ, ಇನ್ನು ಫೈರ್‌ವಾಲ್ ಯಾಕೆ?

ಪ್ರಶ್ನೆ: ಘಾಟ್‌ಕೋಪರಿನಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದೇನೆ. ಊರಿಗೆ ಹೋದರೆ ಗಲ್ಲಾದ ಮೇಲಿನ ಕ್ಯಾಮೆರಾ ಮೊಬೈಲಿನಲ್ಲಿ ಕಾಣಿಸುವುದಿಲ್ಲ. ಇಂಟರ್ನೆಟ್ ಹಾಕಿದ ಹುಡುಗ, ‘ನ್ಯಾಟ್ ತಡೆಯುತ್ತಿದೆ ಶೇಟ್, ಒಳ್ಳೆಯದೇ ಆಯಿತು, ಹೊರಗಿನವರು ಯಾರೂ ಒಳಗೆ ಬರಲಾರರು, ಬೇರೆ ಭದ್ರತೆಯೇ ಬೇಡ’ ಎಂದ. ನ್ಯಾಟ್‌ನಲ್ಲಿ ಎಷ್ಟು ಬಗೆ? ನನ್ನದು ಯಾವುದು?

ಉತ್ತರ: ಈ ಪ್ರಶ್ನೆ ಊರು ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಹಿಂದಿನ ಸಲ ಡೊಂಬಿವಿಲಿಯಿಂದ, ಅದಕ್ಕೂ ಮೊದಲು ಮೀರಾ ರೋಡಿನಿಂದ. ಬಗೆಗಳ ಲೆಕ್ಕವನ್ನು ಬೇಗ ಮುಗಿಸುತ್ತೇನೆ; ನನ್ನ ತಕರಾರು ಇರುವುದು ಆ ಹುಡುಗನ ಕೊನೆಯ ಮಾತಿನ ಮೇಲೆ.

ನ್ಯಾಟ್ ಎಂದರೆ ಒಳಗಿನ ಉಪಕರಣದ ವಿಳಾಸವನ್ನು ಹೊರಗೆ ಹೋಗುವಾಗ ರೌಟರು ಬೇರೆ ವಿಳಾಸಕ್ಕೆ ಬದಲಿಸುವುದು. ಒಳಗಿನ ಒಂದು ವಿಳಾಸಕ್ಕೆ ಹೊರಗಿನ ಒಂದನ್ನು ಕಾಯಂ ಆಗಿ ಕಟ್ಟಿಹಾಕಿದರೆ ಅದು ಸ್ಟ್ಯಾಟಿಕ್ ನ್ಯಾಟ್. ಹೊರಗಿನ ಕೆಲವು ವಿಳಾಸಗಳನ್ನು ಒಟ್ಟಿಗಿಟ್ಟು, ಬೇಕಾದವರಿಗೆ ಒಂದೊಂದು ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸು ಪಡೆದರೆ ಡೈನಾಮಿಕ್. ನಿಮ್ಮಲ್ಲಿರುವುದು ಮೂರನೆಯದು, ಪ್ಯಾಟ್. ಬಿಲ್ಲಿನ ಯಂತ್ರ, ಕ್ಯಾಮೆರಾ, ಹುಡುಗರ ಮೊಬೈಲು ಎಲ್ಲವೂ ಒಂದೇ ಹೊರವಿಳಾಸ ಹೊತ್ತು ಹೋಗುತ್ತವೆ. ಬಂದ ಉತ್ತರ ಯಾರದೆಂದು ರೌಟರು ತಿಳಿಯುವುದು ಪೋರ್ಟ್ ಸಂಖ್ಯೆ ನೋಡಿ, ಅಂದರೆ ಪ್ರತಿ ಸಂಪರ್ಕಕ್ಕೂ ಅಂಟಿಸಿದ ಗುರುತಿನ ಸಂಖ್ಯೆ ನೋಡಿ. ಆಟದ ಯಂತ್ರಗಳು ‘ಓಪನ್, ಮಾಡರೇಟ್, ಸ್ಟ್ರಿಕ್ಟ್’ ಎಂದು ತೋರಿಸುವುದು ಈ ವಿಂಗಡಣೆಯೇ ಅಲ್ಲ. ಅದು ಆ ಯಂತ್ರ ಮಾಡಿದವರು ಇಟ್ಟ ಹೆಸರು, ಹೊರಗಿನವರು ನಿಮ್ಮನ್ನು ಎಷ್ಟು ಸುಲಭವಾಗಿ ತಲುಪಬಹುದೆಂಬ ಅಂದಾಜು.

ಇನ್ನು ತಕರಾರಿಗೆ ಬರುತ್ತೇನೆ. ನ್ಯಾಟ್ ಹುಟ್ಟಿದ್ದು ಭದ್ರತೆಗಾಗಿ ಅಲ್ಲ, ವಿಳಾಸಗಳ ಬರಗಾಲಕ್ಕಾಗಿ. ಇಂಟರ್ನೆಟ್ಟಿನ ಹಳೆಯ ಬಗೆಯ ವಿಳಾಸಕ್ಕೆ (ಐಪಿವಿ4) 32 ಬಿಟ್‌ಗಳು, ಅವುಗಳಲ್ಲಿ ಸುಮಾರು 429 ಕೋಟಿ ವಿಳಾಸಗಳು ಮಾತ್ರ ಸಿಗುತ್ತವೆ. ಅವು ಸಾಲವೆಂದು ಕಂಡಾಗ 1994ರಲ್ಲಿ ಆರ್‌ಎಫ್‌ಸಿ 1631 ಎಂಬ ಇಂಟರ್ನೆಟ್ ತಂತ್ರಜ್ಞರ ದಾಖಲೆ ಇದನ್ನು ಸದ್ಯದ ಮಟ್ಟಿನ ಉಪಾಯವೆಂದು ಮುಂದಿಟ್ಟಿತು. ಅದೇ ದಾಖಲೆಯ ಭದ್ರತೆಯ ಭಾಗದಲ್ಲಿ, ನ್ಯಾಟ್‌ನಿಂದ ಭದ್ರತೆಯ ದಾರಿಗಳು ಕಡಿಮೆಯಾಗುತ್ತವೆ ಎಂದೇ ಬರೆದಿದೆ. ಹುಟ್ಟಿಸಿದವರೇ ಹಾಗೆ ಹೇಳಿದ್ದರೂ ನಮ್ಮ ಹುಡುಗರು ಒಪ್ಪುವುದಿಲ್ಲ.

ಸೊಸೈಟಿಯ ಗೇಟಿನಲ್ಲಿ ಕೊರಿಯರ್ ತೆಗೆದುಕೊಳ್ಳುವವನನ್ನು ನೆನೆಯಿರಿ. ಫ್ಲ್ಯಾಟ್ ನಂಬರ್ ಇಲ್ಲದ ಪೊಟ್ಟಣ ಬಂದರೆ ಅವನು ವಾಪಸು ಕಳಿಸುತ್ತಾನೆ. ಒಳಗೆ ಬಾಂಬ್ ಇದೆಯೆಂಬ ಅನುಮಾನದಿಂದಲ್ಲ, ಯಾರಿಗೆ ಕೊಡಬೇಕೆಂದು ತಿಳಿಯದ್ದರಿಂದ. ನಂಬರ್ ಬರೆದಿದ್ದರೆ ಬಾಂಬನ್ನೂ ಮಹಡಿಗೆ ತಲುಪಿಸುತ್ತಾನೆ.

ಇದು ಬರಿಯ ಉಪಮೆಯಲ್ಲ. ತರಗತಿಯಲ್ಲಿ ಲಿನಕ್ಸ್ ಹಾಕಿದ ಕಂಪ್ಯೂಟರ್ ಪೆಟ್ಟಿಗೆಯೊಂದನ್ನು ರೌಟರ್ ಮಾಡಿ, ಮಾಸ್ಕರೇಡ್ ನಿಯಮ (ಅಂದರೆ ನ್ಯಾಟ್) ಒಂದನ್ನೇ ಹಾಕಿ, ದಾಟಿಹೋಗುವುದನ್ನು ತಡೆಯಬಲ್ಲ ನಿಯಮಗಳ ಪಟ್ಟಿಯಾದ ಫಾರ್ವರ್ಡ್ ಸರಪಳಿಯನ್ನು ತೆರೆದೇ ಬಿಡುತ್ತೇನೆ. ಹೊರಬದಿಯ ಅದೇ ವೈರಿನಲ್ಲಿ ಕುಳಿತ ಇನ್ನೊಂದು ಲ್ಯಾಪ್‌ಟಾಪು, ‘ಒಳಗಿನ ಯಂತ್ರದ ವಿಳಾಸವಾದ 192.168.1.10ಕ್ಕೆ ದಾರಿ ಈ ಪೆಟ್ಟಿಗೆಯ ಮೂಲಕ’ ಎಂದು ಬರೆದುಕೊಂಡರೆ ಸಾಕು, ನೇರವಾಗಿ ಒಳಗೆ ಹೋಗುತ್ತದೆ. ನ್ಯಾಟ್ ತುಟಿ ಬಿಚ್ಚುವುದಿಲ್ಲ. ಆಮೇಲೆ ಫಿಲ್ಟರ್ ಕೋಷ್ಟಕದಲ್ಲಿ ಒಂದು ಸಾಲು ಸೇರಿಸುತ್ತೇನೆ, ಬಾಗಿಲು ಮುಚ್ಚುತ್ತದೆ. ಮುಚ್ಚಿದ್ದು ಫೈರ್‌ವಾಲ್, ಯಾವುದನ್ನು ಬಿಡಬೇಕು ಯಾವುದನ್ನು ತಡೆಯಬೇಕೆಂದು ನೋಡುವ ಕಾವಲುಗಾರ. ಅಂಗಡಿಯ ರೌಟರಿನಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ ಬರುವುದರಿಂದ ಒಂದರ ಕೀರ್ತಿ ಇನ್ನೊಂದಕ್ಕೆ ಹೋಗಿದೆ. ಗಚ್ಚಿಯಿಂದ ಗಚ್ಚಿಗೆ ಕೇಬಲ್‌ವಾಲಾ ಎಳೆದ ವೈರಿನಲ್ಲಿ ಪಕ್ಕದ ಕಟ್ಟಡವೇ ನಿಮ್ಮ ‘ಹೊರಬದಿ’ ಆಗಿರಬಹುದು, ಮರೆಯಬೇಡಿ.

ಇಷ್ಟಕ್ಕೂ ಒಳಗಿನ ಕಳ್ಳನಿಗೆ ನ್ಯಾಟ್ ಸಲಾಮು ಹೊಡೆಯುತ್ತದೆ. ನಿಮ್ಮ ಕಂಪ್ಯೂಟರಿಗೆ ಹೊಕ್ಕ ದುಷ್ಟ ತಂತ್ರಾಂಶ ತಾನೇ ಹೊರಗೆ ಕರೆ ಮಾಡಿದರೆ ಅದಕ್ಕೂ ಪೋರ್ಟ್ ಸಿಗುತ್ತದೆ, ಉತ್ತರವೂ ಬರುತ್ತದೆ. ರೌಟರಿನಲ್ಲಿ ಯುಪಿಎನ್‌ಪಿ ಎಂಬ ಸೌಲಭ್ಯ ಚಾಲೂ ಇದ್ದರೆ ಒಳಗಿನ ಯಾವ ಉಪಕರಣವೂ ನಿಮ್ಮನ್ನು ಕೇಳದೆ ಹೊರಗಿನವರಿಗೆ ಕಿಂಡಿ ತೆರೆಯಬಹುದು. 2020ರಲ್ಲಿ ಬೆಳಕಿಗೆ ಬಂದ ನ್ಯಾಟ್ ಸ್ಲಿಪ್‌ಸ್ಟ್ರೀಮಿಂಗ್ ತಂತ್ರವಂತೂ, ನೀವು ಒಂದು ವೆಬ್ ಪುಟ ತೆರೆದದ್ದನ್ನೇ ನೆಪಮಾಡಿಕೊಂಡು ರೌಟರಿನ ಕೈಯಿಂದಲೇ ಬಾಗಿಲು ತೆಗೆಸಿತು. ಇನ್ನೂ ಅನುಮಾನವಿದ್ದರೆ ನಿಮ್ಮ ಮೊಬೈಲನ್ನೇ ನೋಡಿ. ಅದಕ್ಕೆ ಬರಗಾಲವಿಲ್ಲದ ಹೊಸ ಬಗೆಯ ಐಪಿವಿ6 ವಿಳಾಸ ಸಿಕ್ಕಿರುವ ಸಾಧ್ಯತೆ ಬಹಳ, ಅಲ್ಲಿ ಸಾಮಾನ್ಯವಾಗಿ ನ್ಯಾಟ್ ಇರುವುದೇ ಇಲ್ಲ. ಗುರಾಣಿಯೇ ಇಲ್ಲದೆ ಇಷ್ಟು ದಿನ ಬದುಕಿದಿರಲ್ಲ!

ನಿಮ್ಮ ಕ್ಯಾಮೆರಾದ ವಿಷಯ. ರೌಟರಿನ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ (WAN, ಹೊರಬದಿಯ) ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾದರೆ ನೀವು ಎರಡು ನ್ಯಾಟ್‌ಗಳ ಹಿಂದಿದ್ದೀರಿ: ಒಂದು ನಿಮ್ಮದು, ಇನ್ನೊಂದು ಇಂಟರ್ನೆಟ್ ಕೊಟ್ಟವರದು. ಎರಡನೆಯದರ ಹೆಸರು ಸಿಜಿನ್ಯಾಟ್. ಆ ವಿಳಾಸಗಳನ್ನು 2012ರಲ್ಲಿ ಅದಕ್ಕೆಂದೇ ಮೀಸಲಿಟ್ಟಿದ್ದಾರೆ. ಆಗ ನಿಮ್ಮ ರೌಟರಿನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿನಿಂದ ಬಂದದ್ದನ್ನು ಕ್ಯಾಮೆರಾಕ್ಕೆ ಕಳಿಸೆಂದು ಬರೆದಿಟ್ಟರೂ) ಫಲವಿಲ್ಲ, ಮೇಲಿನ ಬಾಗಿಲಿನ ಕೀಲಿ ನಿಮ್ಮ ಕೈಯಲ್ಲಿಲ್ಲ. ಹಣ ಕೊಟ್ಟು ಸಾರ್ವಜನಿಕ ವಿಳಾಸ ಕೇಳಿ. ಇಲ್ಲವೇ ಕ್ಯಾಮೆರಾ ತಾನೇ ಹೊರಗೆ ಸಂಪರ್ಕ ಮಾಡುವ ಕಂಪನಿಯ ಆ್ಯಪ್ ಬಳಸಿ, ಆದರೆ ಡಬ್ಬಿಯ ಮೇಲೆ ಅಚ್ಚಾದ ಪಾಸ್‌ವರ್ಡನ್ನು ಮೊದಲು ಬದಲಿಸಿ.

ಸಿಜಿನ್ಯಾಟ್ ಎಂದಮೇಲೆ, ನೀವು ಕೇಳದ ಇನ್ನೊಂದು ಮಾತು. ‘ನಾನು ರೋಬೋ ಅಲ್ಲ’ ಎಂದು ದಿನಕ್ಕೆ ಹತ್ತು ಸಲ ಟ್ರಾಫಿಕ್ ದೀಪದ ಚಿತ್ರಗಳನ್ನು ಒತ್ತಿಸುವ ಜಾಲತಾಣಗಳ ಬಗ್ಗೆ ನನ್ನ ಅತ್ತಿಗೆ ಗೊಣಗುತ್ತಿರುತ್ತಾರೆ. ತಪ್ಪು ಅವರದಾಗಿರಬೇಕೆಂದಿಲ್ಲ. ಎಷ್ಟೋ ಮನೆಗಳು ಒಂದೇ ಹೊರವಿಳಾಸ ಹಂಚಿಕೊಂಡಿರುವಾಗ, ಅವುಗಳಲ್ಲಿ ಒಂದರಿಂದ ಯಾರೋ ಕಿತಾಪತಿ ಮಾಡಿದರೆ ಆ ಜಾಲತಾಣಕ್ಕೆ ಎಲ್ಲರೂ ಒಂದೇ ಮುಖದವರಾಗಿ ಕಾಣುತ್ತಾರೆ. ಹಾಗಾಗಿಯೇ ಪೊಲೀಸರು ಯಾರನ್ನಾದರೂ ಹುಡುಕಬೇಕಾದರೆ ಐಪಿ ವಿಳಾಸವೊಂದೇ ಸಾಲದು. ಪೋರ್ಟ್ ಸಂಖ್ಯೆ ಬೇಕು, ಸೆಕೆಂಡಿನವರೆಗಿನ ಸಮಯವೂ ಬೇಕು. ಅತ್ತಿಗೆಗೆ ಇದನ್ನೆಲ್ಲ ವಿವರಿಸಿದೆ. ಹಾಗಾದರೆ ಪಕ್ಕದ ಮನೆಯವರ ರೌಟರ್ ಬಂದ್ ಮಾಡಿಸು ಎಂದರು.