ಶಾಲೆ ನನ್ನದೆನ್ನುವ ಭಾವ: ಅಳತೆಯ ಹಿಂದಿನ ಕಥೆ

‘ಶಾಲೆಯಲ್ಲಿ ನಾನು ಹೊರಗಿನವನು ಅನ್ನಿಸುತ್ತದೆ.’ ‘ನನಗೆ ಸುಲಭವಾಗಿ ಸ್ನೇಹಿತರಾಗುತ್ತಾರೆ.’ ‘ಶಾಲೆಯಲ್ಲಿ ಒಂಟಿತನ ಕಾಡುತ್ತದೆ.’ ಹಲವು ದೇಶಗಳ 15 ವರ್ಷದ ಮಕ್ಕಳ ಕಲಿಕೆಯನ್ನು ಅಳೆಯುವ ಪೀಸಾ ಸಮೀಕ್ಷೆ, ಶಾಲೆ ತಮ್ಮದೆನ್ನುವ ಭಾವ ಅವರಲ್ಲಿ ಎಷ್ಟಿದೆ ಎಂದು ತಿಳಿಯಲು, 2000ರಲ್ಲೇ ಇಂಥ ಹೇಳಿಕೆಗಳನ್ನಿಟ್ಟಿತು. ಮಗು ಎಷ್ಟರ ಮಟ್ಟಿಗೆ ಒಪ್ಪುತ್ತದೆ ಎಂದು ಗುರುತು ಹಾಕಬೇಕು, ಅಷ್ಟೇ.

ಇದಕ್ಕೂ ಮೊದಲೇ, 1993ರಲ್ಲಿ, ಅಮೆರಿಕದ ಸಂಶೋಧಕಿ ಕ್ಯಾರೊಲ್ ಗುಡಿನೋ ಇದೇ ಭಾವವನ್ನು ಅಳೆಯಲು 18 ಹೇಳಿಕೆಗಳ ಒಂದು ಮಾಪಕ ರೂಪಿಸಿದ್ದರು. ಸ್ನೇಹಿತರಿದ್ದಾರೆಯೇ ಎಂಬಲ್ಲಿಗೆ ಅವರು ನಿಲ್ಲಲಿಲ್ಲ. ನಾನು ಏನಾದರೂ ಚೆನ್ನಾಗಿ ಮಾಡಿದರೆ ಇಲ್ಲಿನವರು ಗಮನಿಸುತ್ತಾರೆಯೇ, ಶಿಕ್ಷಕರು ಗೌರವ ಕೊಡುತ್ತಾರೆಯೇ ಎಂದೂ ಕೇಳಿದರು. ನನಗೆ ಮುಖ್ಯ ಅನ್ನಿಸುವುದು ಇದೇ. ಅಂಕಿ ಬರುವುದು ಮಗುವಿನ ಉತ್ತರದಿಂದ, ಆದರೆ ಪರೀಕ್ಷೆಗೆ ಕೂತಿರುವುದು ಶಾಲೆ.

ತೊಡಕು ಶುರುವಾಗುವುದು ಗುಂಪುಗಳನ್ನು ಹೋಲಿಸುವಾಗ. ವಲಸೆ ಬಂದ ಮಕ್ಕಳ ಸರಾಸರಿ ಕಡಿಮೆ ಬಂತು ಎನ್ನಿ. ಅವರ ಭಾವವೇ ಬೇರೆಯೋ, ಪ್ರಶ್ನೆಯನ್ನು ಅವರು ಓದಿಕೊಂಡ ರೀತಿ ಬೇರೆಯೋ? ‘ಉಳಿದ ಮಕ್ಕಳಿಗೆ ನಾನೆಂದರೆ ಇಷ್ಟ’ ಎಂಬ ಸಾಲಿಗೆ, ತನ್ನನ್ನು ತಾನೇ ಹೊಗಳಿಕೊಳ್ಳಬಾರದೆಂದು ಕಲಿತು ಬೆಳೆದ ಹುಡುಗಿ ಸುಮ್ಮನೆ ಕೆಳಗಿನ ಅಂಕ ಹಾಕಬಹುದು. ‘ಒಂಟಿತನ ಕಾಡುತ್ತದೆ’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಎಂದರೆ ಒಳ್ಳೆಯ ಉತ್ತರ. ಪರೀಕ್ಷೆಯ ಭಾಷೆಯನ್ನು ಈಗಷ್ಟೇ ಕಲಿಯುತ್ತಿರುವ ಮಗು ಈ ತಿರುವಿನಲ್ಲೇ ಎಡವಬಹುದು. ಒಂದೇ ಮಾಪಕ ಎಲ್ಲ ಗುಂಪುಗಳಲ್ಲೂ ಒಂದೇ ರೀತಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವ ಸಂಖ್ಯಾಶಾಸ್ತ್ರೀಯ ವಿಧಾನವನ್ನು ಸ್ವೀಡನ್ನಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಯೋರೆಸ್ಕೋಗ್ 1971ರಲ್ಲೇ ಕೊಟ್ಟಿದ್ದರು. ಆ ಪರೀಕ್ಷೆ ಮಾಡದೆ ಸರಾಸರಿಗಳನ್ನು ಅಕ್ಕಪಕ್ಕ ಇಟ್ಟು ತೀರ್ಪು ಕೊಡುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಹಾಗೆಂದು ಅಂತರವೆಲ್ಲ ಅಳತೆಯ ದೋಷವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೊಹೆನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ಇಲ್ಲಿಗೆ ನಾನು ಸಲ್ಲುತ್ತೇನೋ ಇಲ್ಲವೋ ಎಂಬ ಆತಂಕ ಎಲ್ಲರಿಗೂ ಇರುತ್ತದೆ, ಕಾಲಕ್ರಮೇಣ ಹೋಗುತ್ತದೆ’ ಎಂಬ ಹಿರಿಯ ವಿದ್ಯಾರ್ಥಿಗಳ ಅನುಭವವನ್ನು ಕಾಲೇಜಿನ ಹೊಸಬರಿಗೆ ತಿಳಿಸಲಾಯಿತು. ಮೂರು ವರ್ಷಗಳಲ್ಲಿ ಕಪ್ಪು ಮತ್ತು ಬಿಳಿಯ ವಿದ್ಯಾರ್ಥಿಗಳ ಅಂಕಗಳ ಅಂತರ ಸುಮಾರು ಅರ್ಧಕ್ಕಿಳಿಯಿತು. 22 ಕಾಲೇಜುಗಳ 26,911 ವಿದ್ಯಾರ್ಥಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೊಂದು ಷರತ್ತು ಸೇರಿಸಿತು: ವಿದ್ಯಾರ್ಥಿಯ ಗುಂಪಿನವರಿಗೆ ಆ ಕಾಲೇಜಿನಲ್ಲಿ ಬೆರೆಯಲು ನಿಜವಾದ ಅವಕಾಶವಿದ್ದ ಕಡೆ ಮಾತ್ರ ಇದು ಫಲ ಕೊಡುತ್ತದೆ.

ಇನ್ನು, ಶಾಲೆಯೊಂದರಲ್ಲಿ ಒಂದು ಸಮುದಾಯದ ಮಕ್ಕಳು ಬೆರಳೆಣಿಕೆಯಷ್ಟಿದ್ದರೆ ಅವರ ನೋವು ಒಟ್ಟು ಸರಾಸರಿಯಲ್ಲಿ ಕಾಣಿಸುವುದೇ ಇಲ್ಲ. ಅಂಥವರನ್ನು ಕೂರಿಸಿಕೊಂಡು ಮಾತನಾಡಿಸಬೇಕು. ಸಮೀಕ್ಷೆಯ ದಿನ ಗೈರಾದವರ ಪಟ್ಟಿಯನ್ನೂ ನೋಡಬೇಕು. ಶಾಲೆ ಬೇಡವಾದ ಮಗು ಆ ದಿನ ಬಂದಿರುವುದೇ ಅನುಮಾನ.