ಗೋಕರ್ಣದಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ನಿಂತ್ರೆ ಕಾಣೋದು

ಡಿಸೆಂಬರ್ ಕೊನೇ ವಾರ ಬಂತು ಅಂದ್ರೆ ಮಡಿಕೇರಿ ಪೇಟೆಯಲ್ಲಿ ಗಾಡಿ ನಿಲ್ಸೋಕೆ ಜಾಗ ಇರಲ್ಲ, ರಾಜಾಸೀಟ್ ಕಡೆ ತಲೆ ಹಾಕೋ ಹಾಗಿಲ್ಲ, ಆವಾಗ ಕೊಡಗಿನ ನಾವು ಏನ್ ಮಾಡ್ತೀವಿ ಅಂದ್ರೆ ಬ್ಯಾಗ್ ಕಟ್ಕೊಂಡು ಇನ್ನೊಬ್ಬರ ಊರಲ್ಲಿ ರಶ್ ಮಾಡೋಕೆ ಹೊರಡ್ತೀವಿ. ನಮಗೆ ಹತ್ತಿರದ ಸಮುದ್ರ ಅಂದ್ರೆ ತಲಶ್ಶೇರಿ, ಕಣ್ಣೂರು, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದ್ರೆ ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು. ಆದ್ರೆ ಕಾಲೇಜು ಹುಡುಗರಿಗೆ ಈಗ ಗೋಕರ್ಣಾನೇ ಆಗ್ಬೇಕು, ಮಂಗಳೂರು ದಾಟಿ ಇನ್ನೂ 200 ಕಿ.ಮೀ.ಗಿಂತ ಜಾಸ್ತಿ ಇದ್ರೂ ಪರವಾಗಿಲ್ಲ. ಹೊರಡೋ ಮೊದಲು ಎಲ್ಲರೂ ಕೇಳೋದು ಒಂದೇ, ಅಲ್ಲಿ ಜನ ಇಲ್ಲದ ಬೀಚ್ ಯಾವುದು ಮಾರಾಯ?

ಈ ಪ್ರಶ್ನೆಗೆ ಉತ್ತರ ಕಾಲಕಾಲಕ್ಕೆ ಬದಲಾಗ್ತಾ ಬಂದಿದೆ. ಯಾಕೆ ಅಂತ ನೋಡೋಕೆ ಹೊರಟ್ರೆ ದೇವಸ್ಥಾನದಿಂದ ಶುರು ಮಾಡ್ಬೇಕು.

ಗೋಕರ್ಣ ಬೀಚ್ ಊರು ಆಗಿದ್ದು ಇತ್ತೀಚೆಗೆ. ಅದಕ್ಕೂ ಮೊದಲು ಅದು ಮಹಾಬಲೇಶ್ವರನ ಊರು. ರಾವಣ ಆತ್ಮಲಿಂಗ ತಂದಿದ್ದು, ಗಣಪತಿ ಹುಡುಗನ ವೇಷದಲ್ಲಿ ಬಂದು ಅದನ್ನ ನೆಲಕ್ಕೆ ಇಟ್ಟಿದ್ದು, ಆ ಕಥೆ ಎಲ್ಲರಿಗೂ ಗೊತ್ತು, ಮತ್ತೆ ಹೇಳಲ್ಲ. ಹೇಳ್ಬೇಕಾಗಿರೋದು ಏನಂದ್ರೆ ಆ ಕಾಲದ ಯಾತ್ರಿಕರಿಗೆ ಸಮುದ್ರ ಅಂದ್ರೆ ಸ್ನಾನದ ಜಾಗ, ಮುಳುಗೆದ್ದು ಕೋಟಿತೀರ್ಥ ಅನ್ನೋ ಪುಷ್ಕರಣಿಗೆ ಹೋಗಿ, ದರ್ಶನ ಮಾಡಿ, ಪಿತೃಕಾರ್ಯ ಇದ್ರೆ ಮುಗಿಸಿ ಊರಿಗೆ ಹೊರಡೋದು, ಮರಳ ಮೇಲೆ ಸುಮ್ಮನೆ ಬಿದ್ಕೊಂಡು ಸೂರ್ಯ ಮುಳುಗೋದು ನೋಡೋಕೆ ಅಂತ ಯಾರೂ ಬರ್ತಿರಲಿಲ್ಲ.

ಹಾಗಂತ ಆ ಕರಾವಳಿ ಯಾವಾಗಲೂ ನಿದ್ದೆ ಮಾಡ್ತಾ ಇತ್ತು ಅಂದ್ಕೋಬೇಡಿ. ಪಕ್ಕದ ಕುಮಟಾ 19ನೇ ಶತಮಾನದಲ್ಲಿ ದೊಡ್ಡ ಬಂದರು, ಧಾರವಾಡ ಸೀಮೆಯ ಹತ್ತಿ ಘಾಟಿ ಇಳಿದು ಇಲ್ಲಿಂದಲೇ ಹಡಗು ಹತ್ತುತ್ತಿತ್ತು, ಹೊರದೇಶದ ಮಾರ್ಕೆಟ್ಟಿನಲ್ಲಿ ಆ ಹತ್ತಿಗೆ ಕುಮಟಾ ಹತ್ತಿ ಅಂತಲೇ ಹೆಸರು. 1880ರ ದಶಕದ ಕೊನೆಗೆ ಗೋವಾದ ಮರ್ಮಗೋವಾ ಬಂದರಿಗೆ ರೈಲು ಬಂತು ನೋಡಿ, ಹುಬ್ಬಳ್ಳಿ ಕಡೆಯ ಸರಕೆಲ್ಲ ಆ ಕಡೆ ತಿರುಗಿತು, ಕುಮಟಾ ಕಾರವಾರ ಎರಡೂ ಸೊರಗಿದವು. ಅಂದ್ರೆ ಇವತ್ತು ನಾವು ಪ್ರಶಾಂತ ಪ್ರಶಾಂತ ಅಂತ ಹೊಗಳೋ ಆ ತೀರದ ಮೌನದ ಹಿಂದೆ ವ್ಯಾಪಾರ ಕೈಬಿಟ್ಟು ಹೋದ ಕಥೆಯೂ ಇದೆ. ನೂರು ವರ್ಷ ಆದ್ಮೇಲೆ ಇನ್ನೊಂದು ರೈಲು ಬಂದು ಗದ್ದಲ ವಾಪಸ್ ತಂತು, ಅದನ್ನ ಮುಂದೆ ಹೇಳ್ತೀನಿ.

1960ರ ದಶಕದಲ್ಲಿ ಗೋವಾಕ್ಕೆ ಹಿಪ್ಪಿಗಳು ಬಂದ್ರು, ಆಮೇಲೆ ಹೋಟೆಲ್, ಆಮೇಲೆ ಚಾರ್ಟರ್ ವಿಮಾನ, ಗೋವಾ ತುಂಬಿ ಹೋಯ್ತು. ಅಲ್ಲಿನ ಗಲಾಟೆ ಸಾಕಾದ ವಿದೇಶಿಯರು ತೆಂಕಣಕ್ಕೆ ಇಳಿದು ಗೋಕರ್ಣದ ಗುಡ್ಡದಾಚೆ ಕುಡ್ಲೆ ಬೀಚಲ್ಲಿ ಗುಡಿಸಲು ಬಾಡಿಗೆಗೆ ಹಿಡಿದ್ರು, ಓಂ ಆಕಾರದ ಬೀಚ್ ಸಿಕ್ತು, ಅಲ್ಲೂ ಜನ ಆದಾಗ ಗುಡ್ಡ ಹತ್ತಿ ಇಳಿದು ಹಾಫ್ ಮೂನ್, ಅದರಾಚೆ ಪ್ಯಾರಡೈಸ್. 1998ರ ಜನವರಿ 26ಕ್ಕೆ ಕೊಂಕಣ ರೈಲ್ವೆ ಪೂರ್ತಿ ಲೋಕಾರ್ಪಣೆ ಆಯ್ತು, ಗೋಕರ್ಣ ರೋಡ್ ಅಂತ ಸ್ಟೇಷನ್ ಬಂತು, ಬೆಂಗಳೂರಿನ ಐಟಿ ಹುಡುಗರಿಗೆ ವೀಕೆಂಡ್ ಬಸ್ಸೂ ಆಯ್ತು. ಪ್ಯಾರಡೈಸ್ ಬೀಚಲ್ಲಿ ಎದ್ದಿದ್ದ ಗುಡಿಸಲುಗಳನ್ನ ಅರಣ್ಯ ಇಲಾಖೆ ಕಿತ್ತು ಹಾಕಿತು, ಹಾಕಿದ್ದೇ ತಡ ಜನ ಟೆಂಟ್ ಹೊತ್ಕೊಂಡು ಬಂದ್ರು.

ಇದೆಲ್ಲ ನಮಗೆ ಹೊಸದೇನಲ್ಲ. 2000ದ ಆಸುಪಾಸಿನಲ್ಲಿ ಕಾಫಿ ರೇಟ್ ನೆಲ ಕಚ್ಚಿದಾಗ ತೋಟದ ಮನೆಯ ಒಂದೆರಡು ರೂಮು ಗೆಸ್ಟಿಗೆ ಕೊಡೋಣ ಅಂತ ಶುರುವಾದ ಹೋಂಸ್ಟೇ ಕೊಡಗಲ್ಲಿ ಈಗ ಎಲ್ಲಿಗೆ ಬಂದು ನಿಂತಿದೆ ಅಂತ ನೋಡ್ತಾ ಇದ್ದೀವಲ್ಲ. ಮೊದಲು ಅಬ್ಬಿ ಫಾಲ್ಸ್, ಅದು ಸಾಕಾಗಿ ಮಾಂದಲಪಟ್ಟಿಗೆ ಜೀಪು, ಆಮೇಲೆ ಚೇಲಾವರ, ಕಬ್ಬೆ ಬೆಟ್ಟ. ಯಾವುದನ್ನ ಯಾರಿಗೂ ಗೊತ್ತಿಲ್ಲದ ಜಾಗ ಅಂತ ರೀಲ್ಸ್ ಮಾಡ್ತಾರೋ ಮುಂದಿನ ಮಳೆಗಾಲಕ್ಕೆ ಅಲ್ಲಿ ಪಾರ್ಕಿಂಗ್ ಜಗಳ. ಹಾಗಾಗಿ ಗೋಕರ್ಣದಲ್ಲಿ ಐದನೇ ಬೀಚ್, ಆರನೇ ಬೀಚ್ ಹುಡುಕೋದರಲ್ಲಿ ನನಗೆ ಆಸಕ್ತಿ ಇಲ್ಲ. ಅಲ್ಲಿನ ನಿಜವಾದ ಸದ್ದಿಲ್ಲದ ಭಾಗ ಬೀಚ್ ಸಾಲಿನ ಮುಂದಿನ ಕೊಂಡಿಯಲ್ಲಿ ಸಿಗಲ್ಲ, ಅದು ಬೀಚಿನ ಬೆನ್ನ ಹಿಂದೆ, ಅಘನಾಶಿನಿ ನದಿ ಸಮುದ್ರ ಸೇರೋ ಅಳಿವೆಯಲ್ಲಿ ಇದೆ. ಮತ್ತೆ ಅದು ಸುಮ್ಮನೆ ತನ್ನಷ್ಟಕ್ಕೆ ಉಳ್ಕೊಂಡಿದ್ದೂ ಅಲ್ಲ.

ನಕ್ಷೆ ತೆಗೆದು ನೋಡಿ, ಗೋಕರ್ಣದ ಬಡಗಣಕ್ಕೆ ಗಂಗಾವಳಿ, ತೆಂಕಣಕ್ಕೆ ಅಘನಾಶಿನಿ. ಅಘನಾಶಿನಿ ಶಿರಸಿ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟು ಇಲ್ಲದೆ ಸಮುದ್ರಕ್ಕೆ ಬರೋ ನದಿ, ಪಶ್ಚಿಮ ಘಟ್ಟದಲ್ಲಿ ಈಗ ಇಂಥವು ಕಮ್ಮಿ. ಸಮುದ್ರ ಸೇರೋ ಮೊದಲು ಅದು ಅಗಲವಾಗಿ ಹರಡ್ಕೊಳ್ಳತ್ತೆ, ಒಂದು ಬದಿ ತದಡಿ, ಇನ್ನೊಂದು ಬದಿ ಅಘನಾಶಿನಿ ಅನ್ನೋ ಊರೇ ಇದೆ. ದಿನಕ್ಕೆ ಎರಡು ಸಲ ಉಬ್ಬರದಲ್ಲಿ ಉಪ್ಪುನೀರು ಒಳಗೆ ನುಗ್ಗತ್ತೆ, ಇಳಿತದಲ್ಲಿ ವಾಪಸ್ ಹೋಗತ್ತೆ. ಆ ಭಾಗದ ಬದುಕೆಲ್ಲ ಈ ಏರಿಳಿತದ ಲೆಕ್ಕದ ಮೇಲೆ ನಿಂತಿದೆ.

ಮೊದಲು ಉಪ್ಪು. ಹೈವೇಯಿಂದ ಗೋಕರ್ಣಕ್ಕೆ ಹೋಗೋ ದಾರಿ ಹತ್ತಿರಾನೇ ಸಾಣಿಕಟ್ಟಾ ಸಿಗತ್ತೆ, ಬೀಚಿಗೆ ಹೋಗೋ ಅವಸರದಲ್ಲಿ ಎಲ್ಲರೂ ದಾಟ್ಕೊಂಡು ಹೋಗ್ತಾರೆ. ಸಣ್ಣ ಸಣ್ಣ ಬದು ಹಾಕಿದ ಚೌಕಗಳು, ದೂರದಿಂದ ನೋಡಿದ್ರೆ ನಾಟಿಗೆ ನೀರು ಕಟ್ಟಿದ ನಮ್ಮ ಗದ್ದೆ ಥರಾನೇ. ಉಬ್ಬರದ ನೀರನ್ನ ಮೊದಲು ದೊಡ್ಡ ಕಟ್ಟೆಗೆ ಬಿಟ್ಕೊಳ್ತಾರೆ, ಅಲ್ಲಿಂದ ಒಂದರಿಂದ ಒಂದು ಚೌಕಕ್ಕೆ ದಾಟಿಸ್ತಾ ಹೋದ ಹಾಗೆ ಬಿಸಿಲಿಗೆ ನೀರು ಗಟ್ಟಿಯಾಗತ್ತೆ, ಕೊನೇ ಚೌಕದ ನೆಲವನ್ನ ಮೊದಲೇ ತುಳಿದು ಬಡಿದು ಹದ ಮಾಡಿಟ್ಟಿರ್ತಾರೆ, ಅಲ್ಲಿ ಹರಳು ಕಟ್ಟಿದ್ಮೇಲೆ ಉದ್ದ ಕೋಲಿಗೆ ಹಲಗೆ ಸಿಕ್ಕಿಸಿದ ಸಾಧನದಲ್ಲಿ ಮೆಲ್ಲಗೆ ಬದುವಿನ ಕಡೆ ಎಳೀತಾರೆ. ಜೋರಾಗಿ ಎಳೆದ್ರೆ ಕೆಳಗಿನ ಮಣ್ಣೂ ಬರತ್ತೆ. ಮಧ್ಯಾಹ್ನದ ಬಿಸಿಲಲ್ಲಿ ಕಣ್ಣು ಬಿಡೋಕಾಗಲ್ಲ ಅಷ್ಟು ಹೊಳಪು, ಅದರಲ್ಲೇ ಬರಿಗಾಲಲ್ಲಿ ಕೆಲಸ. ಒಂದು ಬೇಸಿಗೆ ಮಳೆ ಬಿತ್ತು ಅಂದ್ರೆ ಅಷ್ಟೂ ಕರಗಿ ಮೊದಲಿಂದ ಶುರು. ಇದನ್ನ ನಡೆಸೋದು ನಾಗರಬೈಲ್ ಉಪ್ಪು ಮಾಲೀಕರ ಸಹಕಾರಿ ಸಂಘ, ಸಾಣಿಕಟ್ಟಾ ಉಪ್ಪು ಅಂದ್ರೆ ಉತ್ತರ ಕನ್ನಡದ ಅಡುಗೆಮನೆಗಳಲ್ಲಿ ಇವತ್ತಿಗೂ ಮರ್ಯಾದೆ ಇದೆ, ಉಪ್ಪಿನಕಾಯಿಗೆ ಅದೇ ಆಗ್ಬೇಕು ಅನ್ನೋರು ಇದ್ದಾರೆ.

ಕೊಡಗಿನವರಿಗೆ ಉಪ್ಪಿನ ಬೆಲೆ ಹೇಳಿಕೊಡ್ಬೇಕಾಗಿಲ್ಲ ಬಿಡಿ. ಹಿಂದೆ ನಮ್ಮ ಅಕ್ಕಿ ಹೇರುಎತ್ತಿನ ಬೆನ್ನ ಮೇಲೆ ಘಾಟಿ ಇಳಿದು ಮಲಬಾರಿಗೆ ಹೋಗೋದು, ವಾಪಸ್ ಬರುವಾಗ ಉಪ್ಪು ಹೊತ್ಕೊಂಡು ಬರೋದು. ಬೆಟ್ಟದವರಿಗೆ ಸಮುದ್ರದ ಮುಖ ನೋಡೋ ಮೊದಲೇ ಸಮುದ್ರದ ರುಚಿ ಗೊತ್ತಿತ್ತು.

ಆ ಉಪ್ಪೇ 1930ರಲ್ಲಿ ರಾಜಕೀಯ ಆಯ್ತು. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ ಅದೇ ಏಪ್ರಿಲ್‌ನಲ್ಲಿ ಗೋಕರ್ಣದ ನೆರೆಯ ಅಂಕೋಲಾದಲ್ಲಿ ಜನ ಕಾನೂನು ಮುರಿದು ಉಪ್ಪು ಮಾಡಿದ್ರು, ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ಅದೇ ಮುಖ್ಯ ಅಂಗಳ. ಆಮೇಲೆ ಅಂಕೋಲಾ, ಸಿದ್ದಾಪುರ ಕಡೆ ಕರನಿರಾಕರಣೆ ನಡೀತು, ರೈತರು ಜಮೀನು ಕಳ್ಕೊಂಡ್ರು, ಕಂದಾಯ ಕಟ್ಟದೆ ಹೋರಾಡಿದ ಗುಜರಾತಿನ ಬಾರ್ಡೋಲಿ ನೆನಪಲ್ಲಿ ಅಂಕೋಲಾಕ್ಕೆ ಕರ್ನಾಟಕದ ಬಾರ್ಡೋಲಿ ಅನ್ನೋ ಹೆಸರೂ ಬಂತು. ಮೊಣಕಾಲು ಮಟ್ಟದ ನೀರಲ್ಲಿ ಸೆಲ್ಫಿ ತೆಗೆಯೋ ಯಾವ ಹುಡುಗನಿಗೂ ಇದನ್ನ ಯಾರೂ ಹೇಳಿರಲ್ಲ, ಹೇಳೋ ಬೋರ್ಡುಗಳಿಗಿಂತ ಪಿಜ್ಜಾ ಬೋರ್ಡೇ ಜಾಸ್ತಿ.

ಉಪ್ಪಿಗಿಂತ ನನಗೆ ಸೋಜಿಗ ಅನ್ಸೋದು ಕಗ್ಗ ಭತ್ತ. ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆಗೆ ಅಲ್ಲಿ ಗಜನಿ ಅಂತಾರೆ. ಜೂನ್‌ನಲ್ಲಿ ಮಳೆ ಹಿಡಿದು ನೆಲದ ಉಪ್ಪು ತೊಳೆದು ಹೋದ್ಮೇಲೆ ಮೊಳಕೆ ಬರಿಸಿದ ಬೀಜ ಚೆಲ್ತಾರೆ, ಅಷ್ಟೇ. ಗೊಬ್ಬರ ಇಲ್ಲ, ಔಷಧಿ ಇಲ್ಲ. ನೆರೆ ಬಂದು ಪೈರು ದಿನಗಟ್ಟಲೆ ನೀರಡಿ ಮುಳುಗಿದ್ರೂ ಮತ್ತೆ ತಲೆ ಎತ್ತತ್ತೆ, ಉಪ್ಪಿಗೂ ಜಗ್ಗಲ್ಲ. ಕೊಯ್ಲಿಗೆ ತೆನೆ ಭಾಗ ಮಾತ್ರ ಕತ್ತರಿಸಿ ಹುಲ್ಲನ್ನ ಅಲ್ಲೇ ಬಿಡ್ತಾರೆ, ಆಮೇಲೆ ಬಾಗಿಲು ತೆಗೆದು ಉಪ್ಪುನೀರು ಬಿಟ್ರೆ ಆ ಕೊಳೆಯೋ ಹುಲ್ಲಿಗೆ ಮೀನು, ಸಿಗಡಿ, ಏಡಿ ಬರತ್ತೆ, ಹಕ್ಕಿಗಳೂ ಬರತ್ವೆ. ಒಂದೇ ಗದ್ದೆ, ಮಳೆಗಾಲಕ್ಕೆ ಅನ್ನ, ಆಮೇಲೆ ಸಾರಿಗೆ ಮೀನು.

ಇದಕ್ಕೆ ಬೇಕಾಗಿದ್ದು ಒಡ್ಡು. ಹಿಂದೆ ಊರವರೇ ಸೇರಿ ಪ್ರತಿ ವರ್ಷ ಮಣ್ಣಿನ ಒಡ್ಡು ಹಾಕ್ತಿದ್ರು, ನೀರು ಬಿಡೋ ಹಲಗೆ ಬಾಗಿಲು ನೋಡ್ಕೊಳ್ಳೋಕೆ ಪಾಳಿ ಇರ್ತಿತ್ತು. ಆಮೇಲೆ ಸರ್ಕಾರ ಉಪ್ಪುನೀರಿಂದ ಜಮೀನು ಕಾಯೋ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಕಲ್ಲಿನ ಕಾಯಂ ಒಡ್ಡು ಕಟ್ಟಿಸ್ತು. ಒಳ್ಳೇದೇ ಅಲ್ವಾ ಅನ್ಸತ್ತೆ, ಆದ್ರೆ ಸರ್ಕಾರದ ಒಡ್ಡು ಸರ್ಕಾರ ನೋಡ್ಕೊಳ್ಲಿ ಅಂತ ಆಗಿ ಊರಿನ ಕೂಡುಕೆಲಸ ಸಡಿಲ ಆಯ್ತು. ಹೊತ್ತಿಗೆ ಸರಿಯಾಗಿ ಸಿಗಡಿ ಬೆಲೆ ಏರ್ತು, ಕಂತ್ರಾಟುದಾರರು ಗಜನಿ ಗುತ್ತಿಗೆಗೆ ಕೇಳೋಕೆ ಶುರು ಮಾಡಿದ್ರು, ವರ್ಷಪೂರ್ತಿ ಉಪ್ಪುನೀರು ನಿಂತ್ರೆ ಭತ್ತ ಎಲ್ಲಿ ಬೆಳೀಬೇಕು. 90ರ ದಶಕದ ಮಧ್ಯದಲ್ಲಿ ದೇಶದ ಸಿಗಡಿ ಕೆರೆಗಳಿಗೆಲ್ಲ ಬಿಳಿಚುಕ್ಕೆ ರೋಗ ಬಂದು ದುಡ್ಡು ಹಾಕಿದವರೂ ಮುಳುಗಿದ್ರು, 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕ ರೀತಿ ಬಿಟ್ಟು ಬೇರೆ ಸಿಗಡಿ ಕೃಷಿ ಕೂಡದು ಅಂತು. ಅಷ್ಟರಲ್ಲಿ ಎಷ್ಟೋ ಗಜನಿ ಪಾಳು. ಕುಮಟಾ ತಾಲ್ಲೂಕಿನ ಮಾಣಿಕಟ್ಟಾದಂಥ ಕೆಲವು ಕಡೆ ರೈತರು ಒಟ್ಟಾಗಿ ಕಗ್ಗ ಉಳಿಸ್ಕೊಂಡಿದ್ದಾರೆ ಅನ್ನೋದೇ ಸಮಾಧಾನ. ಕೂಲಿಗೆ ಜನ ಇಲ್ಲ, ಆನೆ ಕಾಟ ಅಂತ ಗದ್ದೆ ಪಾಳು ಬಿಟ್ಟ ಕೊಡಗಿನ ಊರುಗಳಲ್ಲಿ ನಿಂತು ಇದನ್ನ ಓದಿದ್ರೆ ಯಾರ ಕಥೆ ಇದು ಅನ್ನೋ ಹಾಗಾಗತ್ತೆ.

ಇನ್ನು ಅಳಿವೆಯ ಕೆಸರಲ್ಲಿ ಚಿಪ್ಪಿ. ಇಳಿತದ ಹೊತ್ತಿಗೆ ಗಂಡಸರು ಹೆಂಗಸರು ಸೊಂಟದ ಮಟ್ಟ ನೀರಿಗಿಳಿದು ಕಾಲಲ್ಲೇ ತಡಕಿ ಹೆಕ್ತಾರೆ, ಸಾವಿರಾರು ಮನೆಗೆ ಅದೇ ಆಧಾರ. ಬಂಡವಾಳ ಏನಿಲ್ಲ, ಒಂದು ಬುಟ್ಟಿ, ಒಂದು ದೋಣಿ.

ಇಂಥ ಜಾಗದ ಮೇಲೆ ಕಣ್ಣು ಬೀಳದೆ ಇರತ್ತಾ. ತದಡಿಯಲ್ಲಿ ವಿದ್ಯುತ್ ಸ್ಥಾವರ ಮಾಡೋ ಮಾತು ದಶಕಗಳಿಂದ ಬಂದು ಹೋಗ್ತಾ ಇತ್ತು, 2006ರ ಹೊತ್ತಿಗೆ ಕೇಂದ್ರದ ಅಲ್ಟ್ರಾ ಮೆಗಾ ಯೋಜನೆಯಲ್ಲಿ 4000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರಕ್ಕೆ ಕರ್ನಾಟಕದಲ್ಲಿ ಹೆಸರು ಕೇಳಿಬಂದಿದ್ದು ಇದೇ ಜಾಗ. ಮೀನುಗಾರರು, ರೈತರು, ಘಟ್ಟದ ಮೇಲಿನ ಶಿರಸಿ ಸಿದ್ದಾಪುರದ ಅಡಿಕೆ ಬೆಳೆಗಾರರು, ವಿಜ್ಞಾನಿಗಳು ಎಲ್ಲ ಸೇರಿ ವಿರೋಧಿಸಿದ್ರು, ಅದು ಆಗಲಿಲ್ಲ. ಅದು ಹೋಯ್ತು ಅನ್ನೋಷ್ಟರಲ್ಲಿ ಸರ್ವಋತು ಬಂದರು ಅಂತ ಬಂತು. ಬಂದರು ಅಂದ್ರೆ ಹೂಳೆತ್ತಬೇಕು, ಹೂಳೆತ್ತಿದ್ರೆ ಚಿಪ್ಪಿಯ ನೆಲವೇ ಹೋಗತ್ತೆ, ಮತ್ತೆ ಗಲಾಟೆ, ಮತ್ತೆ ಸಭೆ. ಟೂರಿಸ್ಟ್ ಕಣ್ಣಿಗೆ ಅಲ್ಲಿ ಏನೂ ಆಗ್ತಾ ಇಲ್ಲ ಅಂತ ಕಾಣತ್ತಲ್ಲ, ಏನೂ ಆಗದೇ ಇರೋ ಹಾಗೆ ನೋಡ್ಕೊಳ್ಳೋಕೆ ಎರಡು ತಲೆಮಾರು ಬೀದಿಗೆ ಇಳಿದಿದೆ.

2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ರಾಮ್ಸರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಜೊತೆಗೆ ಗದಗದ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ. ಅದಕ್ಕೂ ಮುಂಚೆ, 2022ರಲ್ಲಿ, ಕರ್ನಾಟಕಕ್ಕೆ ಸಿಕ್ಕ ಮೊದಲ ರಾಮ್ಸರ್ ತಾಣ ರಂಗನತಿಟ್ಟು, ಅಂದ್ರೆ ನಮ್ಮ ತಲಕಾವೇರಿಯಿಂದ ಇಳಿದ ನೀರಿನ ನಡುಗಡ್ಡೆ. ರಾಮ್ಸರ್ ಅಂದ ತಕ್ಷಣ ಎಲ್ಲ ಸೇಫ್ ಅಂತ ಅಲ್ಲ, ಅದೊಂದು ಅಂತರರಾಷ್ಟ್ರೀಯ ಗುರುತು, ಕಾಯೋ ಕೆಲಸ ನಮ್ಮ ಕಾನೂನು ನಮ್ಮ ಜನಾನೇ ಮಾಡ್ಬೇಕು. ಅಘನಾಶಿನಿ ನೀರನ್ನ ಬಯಲುಸೀಮೆಗೆ ತಿರುಗಿಸೋ ನದಿ ಜೋಡಣೆ ಮಾತು ಈಗಲೂ ಇದೆ, ಮೇಲಿಂದ ಸಿಹಿನೀರು ಕಮ್ಮಿಯಾದ್ರೆ ಕೆಳಗೆ ಉಪ್ಪಿನ ಲೆಕ್ಕ ತಪ್ಪತ್ತೆ, ಕಗ್ಗ, ಚಿಪ್ಪಿ, ಮೀನು ಎಲ್ಲದಕ್ಕೂ.

ಕರಿಮೆಣಸು ಬೆಳೆಯೋ ಕೊಡಗಿನವರು ಆ ಕಡೆ ಹೋದಾಗ ಮಿರ್ಜಾನ್ ಕೋಟೆಗೊಂದು ಹೋಗ್ಲೇಬೇಕು, ಅದೂ ಇದೇ ಅಘನಾಶಿನಿಯ ದಂಡೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಹೆಸರಿನ ಜೊತೆ ತಳುಕು ಹಾಕ್ಕೊಂಡಿರೋ ಕೋಟೆ, ಪೋರ್ಚುಗೀಸರು ಅವಳನ್ನ ಮೆಣಸಿನ ರಾಣಿ ಅಂತಲೇ ಕರೀತಿದ್ರು. ಕೆಂಪು ಜಂಬಿಟ್ಟಿಗೆ ಗೋಡೆ ಮೇಲೆ ಪಾಚಿ, ಮಳೆಗಾಲದಲ್ಲಿ ಪೂರ್ತಿ ಹಸಿರು.

ಹೋಗೋರಿಗೆ ಒಂದೆರಡು ಮಾತು. ಉಪ್ಪಿನ ಕೆಲಸ ನೋಡ್ಬೇಕಾದ್ರೆ ಫೆಬ್ರವರಿಯಿಂದ ಮೇ ಒಳಗೆ ಹೋಗಿ, ಬದುವಿನ ಮೇಲೆ ಚಪ್ಪಲಿ ಹಾಕ್ಕೊಂಡು ಓಡಾಡ್ಬೇಡಿ, ಕೇಳದೆ ಕೆಲಸದವರ ಮುಖಕ್ಕೆ ಮೊಬೈಲ್ ಹಿಡೀಬೇಡಿ. ನಮ್ಮ ತೋಟಕ್ಕೆ ಗೇಟ್ ದಾಟಿ ನುಗ್ಗಿ ಕಾಫಿ ಹೂವಿನ ಜೊತೆ ಫೋಟೋ ತೆಗೆಯೋರನ್ನ ಕಂಡ್ರೆ ನಮಗೆ ಎಷ್ಟು ಉರಿಯತ್ತೋ ಅವರಿಗೂ ಅಷ್ಟೇ ಉರಿಯತ್ತೆ. ತದಡಿಯಿಂದ ಅಘನಾಶಿನಿ ಊರಿಗೆ ದಾಟೋಕೆ ಬಾರ್ಜ್ ಇದೆ, ಬೈಕೂ ಹತ್ತಿಸ್ಕೊಳ್ತಾರೆ, ಟೈಮ್ ಮಾತ್ರ ಅಲ್ಲೇ ಕೇಳ್ಕೊಳ್ಳಿ. ಬೇಸಿಗೆ ಕೊನೆಗೆ ಹೋದ್ರೆ ಕುಮಟಾ ಹತ್ತಿರ ಹೈವೇ ಬದಿಯಲ್ಲಿ ಸಿಹಿ ಈರುಳ್ಳಿಯನ್ನ ಗೊಂಚಲು ಕಟ್ಟಿ ನೇತು ಹಾಕಿರ್ತಾರೆ, ಗೊಂಚಲು ಸಮೇತ ತಂದು ಅಡುಗೆಮನೆ ಅಟ್ಟದ ಹತ್ತಿರ ಗಾಳಿಗೆ ಕಟ್ಟಿ, ಆದ್ರೆ ನಮ್ಮ ಕಡೆ ಮಳೆ ಹಿಡಿಯೋ ಮೊದಲೇ ಖಾಲಿ ಮಾಡಿ, ಜುಲೈ ಥಂಡಿಗೆ ಅದು ತಡೆಯಲ್ಲ.