ಕೈಕೆಲಸದ ಪುಸ್ತಕ ಬರೆಯುವುದು: ತೆಂಗಿನ ಗರಿಯ ಗಿರಗಿಟ್ಲೆ ಇಟ್ಟುಕೊಂಡು ಒಂದು ಟಿಪ್ಪಣಿ

ಕಾಸರಗೋಡಿನ ಶಾಲೆಗಳಲ್ಲಿ ವೃತ್ತಿಪರಿಚಯ ಮೇಳ ಹತ್ತಿರ ಬಂತೆಂದರೆ ಓಲೆ, ಕಾಗದ, ಮಣ್ಣು, ಬಿದಿರಿನ ಕೆಲಸ ಶುರು. ಕಲಿಸುವವರು ಎದುರು ಕೂತು ಮಾಡಿ ತೋರಿಸುತ್ತಾರೆ, ಮಕ್ಕಳು ನೋಡಿ ಕಲಿಯುತ್ತಾರೆ. ಅದನ್ನೇ ಪುಸ್ತಕಕ್ಕೆ ಇಳಿಸಿ ಅಂದರೆ ನಮ್ಮಂಥ ಅಧ್ಯಾಪಕ ತರಬೇತಿಯವರು ಹೆಚ್ಚಾಗಿ ಮಾಡುವುದು ಒಂದೇ: ಆರು ಹಂತ, ಆರು ಚಿತ್ರ, ಒಂದೇ ಅಳತೆಯ ಆರು ಚೌಕ. ನೋಡಲು ಅಚ್ಚುಕಟ್ಟು. ಆದರೆ ಕೈಕೆಲಸದ ಕಷ್ಟ ಹಾಗೆ ಸಮಪಾಲಾಗಿ ಹಂಚಿಹೋಗಿರುವುದಿಲ್ಲ. ಐದು ಹಂತ ಸಲೀಸು, ಒಂದರಲ್ಲಿ ಎಲ್ಲರ ಕೈಯೂ ನಿಲ್ಲುತ್ತದೆ. ಪುಸ್ತಕದ ಜಾಗವೂ ಮಾತೂ ಹೆಚ್ಚಾಗಿ ಹೋಗಬೇಕಾದದ್ದು ಅಲ್ಲಿಗೆ.

ಗಿರಗಿಟ್ಲೆಯನ್ನೇ ತೆಗೆದುಕೊಳ್ಳಿ. ಹಸಿ ಮಡಲಿನಿಂದ (ತೆಂಗಿನ ಸೋಗೆಯಿಂದ) ನಾಲ್ಕು ಗರಿ, ಕಡ್ಡಿ ಬಿಡಿಸಿದ್ದು, ಒಂದೇ ಅಗಲದ್ದು. ನಾಲ್ಕನ್ನೂ ನಡುವೆ ಮಡಚಬೇಕು. ಇದಕ್ಕೆ ಒಂದು ಚಿತ್ರ, ಅದೂ ಚಿಕ್ಕದು, ಸಾಕು. ಮುಂದೆ ಗರಿ ‘ಅ’ವನ್ನು ಮಡಿಕೆ ಕೆಳಗೆ ಬರುವಂತೆ ನೆಟ್ಟಗೆ ಹಿಡಿದು, ‘ಆ’ ಅದನ್ನು ಅಡ್ಡಕ್ಕೆ ತಬ್ಬುವಂತೆ ಹಾಕುವುದು: ‘ಆ’ದ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ. ‘ಇ’ ಹಾಗೆಯೇ ‘ಆ’ವನ್ನು ತಬ್ಬುತ್ತದೆ. ‘ಈ’ ಬಂದು ‘ಇ’ಯನ್ನು ತಬ್ಬುತ್ತದೆ, ಆದರೆ ಅದರ ಎರಡು ತುದಿಯೂ ‘ಅ’ದ ಮಡಿಕೆಯ ಒಳಗಿನಿಂದ ತೂರಿ ಹೊರಬರಬೇಕು.

ಕೈ ನಿಲ್ಲುವುದು ಇಲ್ಲೇ. ಮಗು ತುದಿಗಳನ್ನು ಮಡಿಕೆಯ ಒಳಗೆ ತೂರಿಸುವ ಬದಲು ಪಕ್ಕದಲ್ಲೇ ದಾಟಿಸಿಬಿಡುತ್ತದೆ. ನೋಡಲು ಸರಿಯಾಗಿಯೇ ಇರುತ್ತದೆ, ಎಳೆದ ಕೂಡಲೇ ನಾಲ್ಕೂ ಬಿಚ್ಚಿ ಕೈಗೆ ಬರುತ್ತವೆ. ಹಾಗಾಗಿ ಈ ಒಂದು ಹಂತಕ್ಕೆ ಮೂರು ಚಿತ್ರ, ಅರ್ಧ ಪುಟ. ಮೊದಲನೆಯದರಲ್ಲಿ ‘ಅ’ದ ಮಡಿಕೆ ಬಾಯಿ ತೆರೆದಂತೆ, ನಿಜಕ್ಕಿಂತ ಅಗಲವಾಗಿ. ಎರಡನೆಯದರಲ್ಲಿ ತುದಿಗಳು ಒಳಗೆ ಅರ್ಧ ಹೋದದ್ದು. ಮೂರನೆಯದರಲ್ಲಿ ಹೊರಬಂದು, ಎಳೆಯುವ ಮುಂಚಿನ ಸಡಿಲ ಸ್ಥಿತಿ. ಸಡಿಲ ಸ್ಥಿತಿಯ ಚಿತ್ರವನ್ನು ಬಿಟ್ಟು ನೇರ ಬಿಗಿದ ಗಂಟನ್ನೇ ತೋರಿಸುವವರು ಬಹಳ. ಬಿಗಿದ ಮೇಲೆ ಯಾವುದು ಎಲ್ಲಿಂದ ಬಂತೆಂದು ದೊಡ್ಡವರಿಗೂ ತಿಳಿಯದು.

ಆಮೇಲೆ ಪರೀಕ್ಷೆಯ ಸಾಲು. ‘ನಾಲ್ಕು ಕಡೆಗೂ ಸ್ವಲ್ಪ ಸ್ವಲ್ಪ ಎಳೆ. ನಡುವೆ ನಾಲ್ಕು ಪುಟ್ಟ ಚೌಕ ಕಂಡವೇ? ಕಾಣದಿದ್ದರೆ 4ನೇ ಚಿತ್ರಕ್ಕೆ ಹೋಗು.’ ಪುಸ್ತಕ ಎದುರು ಕೂತ ಟೀಚರಲ್ಲ, ತಪ್ಪಾದಾಗ ‘ಅಯ್ಯೋ ಅಲ್ಲ’ ಅನ್ನುವುದಿಲ್ಲ. ಆ ಕೆಲಸವನ್ನು ಇಂಥ ಸಾಲೇ ಮಾಡಬೇಕು. ಉಳಿದದ್ದು ಸುಲಭ: ರೆಕ್ಕೆಗಳನ್ನೆಲ್ಲ ಒಂದೇ ಕಡೆಗೆ ತುಸು ಓರೆ ಮಾಡುವುದು, ನಡುವೆ ಹಿಡಿಸೂಡಿ (ಪೊರಕೆ) ಕಡ್ಡಿ ಚುಚ್ಚುವುದು, ತೂತು ಕಡ್ಡಿಗಿಂತ ಸಡಿಲವಿರುವಂತೆ ನೋಡುವುದು. ರೆಕ್ಕೆಗಳು ಒಂದು ಆ ಕಡೆ, ಒಂದು ಈ ಕಡೆ ಓರೆಯಾದರೆ ಗಾಳಿ ಒಂದನ್ನು ಒಂದು ದಿಕ್ಕಿಗೆ, ಇನ್ನೊಂದನ್ನು ಎದುರು ದಿಕ್ಕಿಗೆ ನೂಕಿ ಗಿರಗಿಟ್ಲೆ ಸುಮ್ಮನೆ ನಿಲ್ಲುತ್ತದೆ.

(ಇದೇ ಹೆಣಿಗೆಯಿಂದ ಶುರುವಾಗುವ ಕಾಗದದ ನಕ್ಷತ್ರವನ್ನು ಫ್ರೋಬೆಲ್ ನಕ್ಷತ್ರ ಅನ್ನುತ್ತಾರೆ. 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗಿನಲ್ಲಿ ಪುಟ್ಟ ಮಕ್ಕಳ ಸಂಸ್ಥೆ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಫ್ರೋಬೆಲ್ ಇವರೇ. ಅಧ್ಯಾಪಕ ತರಬೇತಿಯ ಪರೀಕ್ಷೆಗೆ ಹೇಗೂ ಬರುತ್ತದೆ.)

ಚಿತ್ರದ ಬಗ್ಗೆ ಇನ್ನೆರಡು ಮಾತು. ಎದುರು ಕೂತವರಿಗೆ ಕಾಣುವಂತೆ ಬರೆದರೆ ಎಡ ಬಲ ತಿರುಗಿಹೋಗುತ್ತದೆ, ಮಾಡುವ ಮಗುವಿನ ಕಣ್ಣಿಗೆ ಕಾಣುವ ಹಾಗೇ ಬರೆಯಬೇಕು. ಬಣ್ಣ ನಂಬುವಂತಿಲ್ಲ, ಏಕೆಂದರೆ ಕೊನೆಗೆ ಮಕ್ಕಳ ಕೈಗೆ ಸೇರುವುದು ಕಪ್ಪುಬಿಳುಪು ಜೆರಾಕ್ಸ್. ‘ಅ’ ಖಾಲಿ, ‘ಆ’ ಗೆರೆಗೆರೆ, ‘ಇ’ ಚುಕ್ಕೆ, ‘ಈ’ ಕಪ್ಪು ಎಂದು ತುಂಬಿದರೆ ಗೊಂದಲವಿಲ್ಲ. ಮಂಜೇಶ್ವರ, ಬದಿಯಡ್ಕದ ಕಡೆಯ ತರಗತಿಯಲ್ಲಿ ಮನೆಮಾತು ತುಳು, ಮಲಯಾಳ, ಕೊಂಕಣಿ, ಮರಾಠಿ ಯಾವುದೂ ಇರಬಹುದು. ಭಾಗಗಳಿಗೆ ಹೆಸರಿಗಿಂತ ಅಕ್ಷರ ಕೊಡುವುದೇ ವಾಸಿ. ಕಾಗದ ಮಡಚುವ ಕೆಲಸವಾದರೆ ಸಂಕೇತ ಹೊಸದಾಗಿ ಹುಟ್ಟಿಸಬೇಡಿ. ಜಪಾನಿನ ಅಕಿರಾ ಯೋಶಿಜಾವಾ 1954ರಲ್ಲಿ ಪ್ರಕಟಿಸಿದ ಪದ್ಧತಿಯೇ ಇಂದೂ ನಡೆಯುತ್ತಿದೆ: ತುಂಡು ಗೆರೆಯಾದರೆ ಒಳಮಡಿಕೆ, ಗೆರೆ-ಚುಕ್ಕೆಯಾದರೆ ಹೊರಮಡಿಕೆ.

ಭಾಷೆಯಲ್ಲಿ ನಮಗಿರುವ ದೊಡ್ಡ ತೊಡಕು ಕನ್ನಡದ ವಾಕ್ಯವೇ. ‘ಗರಿಯನ್ನು ಮಡಚಿ, ತಿರುಗಿಸಿ, ಒಳಗೆ ತೂರಿಸಿ, ಎಳೆದು ಬಿಗಿಗೊಳಿಸಿ’ ಎಂದು ಸರಪಳಿ ಹೆಣೆಯುವುದು ನಮಗೆ ನೀರು ಕುಡಿದಷ್ಟು ಸುಲಭ. ಓದುವ ಮಗು ‘ಬಿಗಿಗೊಳಿಸಿ’ಗೆ ಬರುವಷ್ಟರಲ್ಲಿ ‘ತಿರುಗಿಸಿ’ ಮರೆತಿರುತ್ತದೆ. ಒಂದು ವಾಕ್ಯಕ್ಕೆ ಒಂದೇ ಕೆಲಸ. ‘ಮಡಚಲಾಗುತ್ತದೆ’ ಬೇಡವೇ ಬೇಡ, ಯಾರು ಮಡಚುವುದು? ‘ಮಡಚು’ ಅನ್ನಿ. ಅಳತೆಗೆ ‘ನಿನ್ನ ಎರಡು ಬೆರಳಗಲ’ ಸಾಕು, ಗರಿ ಹೇಗೂ ಒಂದೊಂದು ಮಡಲಿನಲ್ಲಿ ಒಂದೊಂದು ಅಗಲ. ಅಡಿಕೆ ಹಾಳೆ ಕತ್ತರಿಸುವಂಥ ಕೆಲಸದಲ್ಲಿ ‘ದೊಡ್ಡವರನ್ನು ಕರೆ’ ಎಂಬ ಎಚ್ಚರಿಕೆ ಮುನ್ನುಡಿಯಲ್ಲಿದ್ದರೆ ಯಾರೂ ಓದುವುದಿಲ್ಲ, ಕತ್ತಿ ಬರುವ ಚಿತ್ರದ ಪಕ್ಕದಲ್ಲೇ ಇರಲಿ.

ಅಚ್ಚಿನ ವಿಷಯ ಚುಟುಕಾಗಿ. ಎ4 ಕಾಗದ (210×297 ಮಿ.ಮೀ.) ನಡುವೆ ಮಡಚಿ ಬೆನ್ನಿಗೆ ಪಿನ್ ಹೊಡೆದರೆ ಪುಸ್ತಕ ಸುಮಾರಾಗಿ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಎರಡು ಕೈಯೂ ಗರಿಯಲ್ಲಿರುವಾಗ ಪುಟ ಹಿಡಿಯುವವರಾರು? ಪುಟಗಳು 4ರ ಗುಣಕದಲ್ಲಿರಬೇಕು: 8, 12, 16. ಕಷ್ಟದ ಹಂತದ ನಡುವೆ ಪುಟ ತಿರುಗಿಸುವಂತಾಗಬಾರದು. ಸಾಲುಗಳ ನಡುವೆ ಅಂತರ ಧಾರಾಳ ಬಿಡಿ, ಇಲ್ಲವಾದರೆ ಜೆರಾಕ್ಸಿನಲ್ಲಿ ಒತ್ತಕ್ಷರಗಳು ಕೆಳಸಾಲಿನ ತಲೆಗೆ ಅಂಟುತ್ತವೆ.

ಕರಡನ್ನು ಒಂದು ಮಗುವಿಗೆ ಕೊಟ್ಟು ಬಾಯಿ ಮುಚ್ಚಿ ಕೂರುವುದು ಎಲ್ಲಕ್ಕಿಂತ ಕಷ್ಟ. ಕೈ ಎಲ್ಲಿ ನಿಂತಿತೋ ಆ ಚಿತ್ರದ ಸಂಖ್ಯೆ ಗುರುತು ಹಾಕಿ, ಅದನ್ನು ಮಾತ್ರ ಮತ್ತೆ ಬರೆಯಿರಿ. ಗರಿ ಅಂದೇ ಕಡಿದದ್ದಾಗಿರಲಿ. ಒಣಗಿದ್ದಾದರೆ ಮಡಚುವಾಗಲೇ ಸೀಳುತ್ತದೆ, ಆಗ ತಪ್ಪು ಚಿತ್ರದ್ದೋ ಗರಿಯದ್ದೋ ಗೊತ್ತಾಗುವುದಿಲ್ಲ.